ಕೇಕಿನ ಮೇಲೊಂದು ತುಳಸಿ ಕಟ್ಟೆ

ನಾನು ಒಂದು ಸಕ್ಕರೆ ಅಚ್ಚು. ಸಂಕ್ರಾಂತಿಯಲ್ಲಿ ಎಳ್ಳಿನ ಜೊತೆ ಬೀರುವ ಸಕ್ಕರೆ ಗೊಂಬೆಗಳನ್ನೂ ಜನ ಸಕ್ಕರೆ ಅಚ್ಚು ಎಂದೇ ಕರೆಯುತ್ತಾರೆ. ಅವು ನನ್ನ ಮಕ್ಕಳು. ನಾನು ಅವನ್ನು ಹೆತ್ತ ಮರದ ತಾಯಿ. ಗಿಳಿ, ಬಾಳೆಗೊನೆ, ತುಳಸಿ ಕಟ್ಟೆ, ಮೂರೂ ನನ್ನ ಹೊಟ್ಟೆಯಲ್ಲೇ ಹುಟ್ಟುತ್ತವೆ. ನನ್ನ ಮೈ ಎರಡು ಹೋಳು. ಜೋಡಿಸಿ ದಾರ ಬಿಗಿದರೆ ನಾನು, ಬಿಚ್ಚಿಟ್ಟರೆ ಬರೀ ಎರಡು ಮರದ ತುಂಡು.

ನಂಜನಗೂಡಿನ ಚೆನ್ನಾಚಾರಿ, ಯಾರದೋ ಮನೆಗೆ ಬಾಗಿಲು ಮಾಡಿ ಮಿಕ್ಕ ತೇಗದಲ್ಲಿ ನನ್ನನ್ನು ಕೆತ್ತಿದ. ಕೈ ಒಳ್ಳೆಯದೇ, ಆದರೆ ಬಾಯಿಗೆ ಬಿಡುವಿರಲಿಲ್ಲ. ಹರಟೆಯ ಭರದಲ್ಲಿ ಗಿಳಿಯ ಒಂದು ಕಡೆಗೆ ಕಣ್ಣು ಕೆತ್ತುವುದನ್ನೇ ಮರೆತ. ಹಾಗಾಗಿ ನನ್ನ ಗಿಳಿಗಳೆಲ್ಲ ಒಕ್ಕಣ್ಣಿನವು. ಮಗಳ ಮದುವೆಗೆ ಸಾಮಾನು ಜೋಡಿಸುತ್ತಿದ್ದ ತಾಯಿಯೊಬ್ಬರು ಇದನ್ನು ಕಂಡುಹಿಡಿದು ಕೇಳಿದರು. "ಒಂದು ಕಣ್ಣು ಮುಚ್ಕೊಂಡಿದೆ ಕಣಮ್ಮ, ಅಷ್ಟೇ" ಎಂದು ಹೇಳಿ ನನ್ನನ್ನು ಅವರಿಗೇ ಸಾಗಹಾಕಿದ.

ಆ ಮಗಳೇ ರುಕ್ಮಿಣಮ್ಮ. ಅವರ ಜೊತೆ ಮೈಸೂರಿನ ಗಂಡನ ಮನೆಗೆ ಬಂದೆ. ಧನುರ್ಮಾಸ ಬಂತೆಂದರೆ ನನಗೆ ನೀರಿನಲ್ಲಿ ಮುಳುಗು ಸ್ನಾನ. ನೆನೆಯದಿದ್ದರೆ ಮಕ್ಕಳು ಒಡಲು ಬಿಟ್ಟು ಬರುವುದಿಲ್ಲ. ಆಮೇಲೆ ಬಿಸಿ ಪಾಕ. ರುಕ್ಮಿಣಮ್ಮನ ಅಚ್ಚು ಎಂದರೆ ಬೀದಿಗೆಲ್ಲ ಹೆಸರು. ಆದರೆ ವಯಸ್ಸು ಯಾರನ್ನು ಬಿಟ್ಟಿದೆ? ಅವರ ಮಣಿಕಟ್ಟು ಹಿಡಿದುಕೊಂಡಿತು, ಪಾಕ ತಿರುವಲು ಆಗದಾಯಿತು. ಸಂಕ್ರಾಂತಿಗೆ ಅಂಗಡಿಯ ಗೊಂಬೆಗಳು ಬಂದವು. ನಾನು ಅಡುಗೆಮನೆಯ ಅಟ್ಟ ಸೇರಿ ಮುಚ್ಚಳವಿಲ್ಲದ ಹಳೆಯ ಇಡ್ಲಿ ಪಾತ್ರೆಯೊಳಗೆ ಕೂತೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಟ್ಟದಿಂದ ಕೆಳಗಿನದೆಲ್ಲ ಕಾಣುತ್ತಿತ್ತು. ಸೊಸೆ ಮಾಲಿನಿಗೆ ಕೇಕಿನ ಹುಚ್ಚು. ಅವಳ ಕೇಕನ್ನು ಊರೆಲ್ಲ ಹೊಗಳಿದರೂ ಅತ್ತೆ ಒಂದು ಚೂರು ಬಾಯಿಗಿಟ್ಟವರಲ್ಲ. "ಮೊಟ್ಟೆ ಇರುತ್ತಮ್ಮ" ಎಂದರು. ಮಾಲಿನಿ ಮೊಟ್ಟೆ ಬಿಟ್ಟಳು. "ಮೊಟ್ಟೆ ಬೆಂದ ಒವನ್ ಅಲ್ವಾ" ಎಂದರು. ಹೊಸ ಒವನ್ ಬಂತು. "ಆ ಕ್ರೀಮು ಎಂಥದ್ದೋ ಏನೋ" ಎಂದರು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಸಿಕ್ಕಿತಂತೆ!

ಮೊಮ್ಮಗಳು ಪ್ರಣತಿಯ ಐದನೇ ಹುಟ್ಟುಹಬ್ಬ ಬಂತು. ಅವಳಿಗೆ ತೋಟದ ಕೇಕೇ ಬೇಕಂತೆ. ಮಾಲಿನಿ ಹಿಂದಿನ ದಿನವೇ ಕೂತು ಹಸಿರು ಕ್ರೀಮಿನ ಹುಲ್ಲು ಹಾಸಿದಳು, ಬಿಸ್ಕತ್ತು ಪುಡಿ ಮಾಡಿ ಮಣ್ಣಿನ ಪಾತಿ ಕಟ್ಟಿದಳು, ಕಿತ್ತಳೆ ಪೆಪ್ಪರ್‌ಮಿಂಟು, ಕೆಂಪು ಮಿಠಾಯಿ, ಜೆಲ್ಲಿಗಳಿಂದ ಹೂ ಅರಳಿಸಿದಳು.

"ಅಮ್ಮಾ, ಅಜ್ಜಿ ಇದನ್ನ ತಿಂತಾರಾ?" ಎಂದಳು ಪ್ರಣತಿ.

"ತಿನ್ನಲಿ ಅಂತಾನೇ ಇಷ್ಟೆಲ್ಲ ಮಾಡ್ತಿರೋದು ಪುಟ್ಟಿ."

ಬೆಳಿಗ್ಗೆ ಫ್ರಿಜ್ಜು ತೆಗೆದರೆ ಮಿಠಾಯಿಗಳೆಲ್ಲ ಬೆವೆತು ಬಣ್ಣ ಬಿಟ್ಟಿದ್ದವು. ಕೆಂಪು, ಕಿತ್ತಳೆ ಎಲ್ಲ ಹುಲ್ಲಿನ ಮೇಲೆ ಹರಿದು ತೋಟ ಹೋಳಿ ಆಡಿದ ಹಾಗಿತ್ತು. ಸಂಜೆಗೆ ಜನ ಬರುವವರು. ಮಾಲಿನಿ ನೆಲದ ಮೇಲೆ ಕೂತುಬಿಟ್ಟಳು.

ಕಾಫಿ ಲೋಟ ಹಿಡಿದು ಬಂದ ರುಕ್ಮಿಣಮ್ಮ ಒಂದು ಗಳಿಗೆ ಬಾಗಿಲಲ್ಲೇ ನಿಂತರು. "ಅಂಗಡಿ ಬಣ್ಣ ಕಣೇ ಅದು, ನೀರು ಸೋಕಿದ್ರೆ ಬಿಡುತ್ತೆ. ಅಳ್ತಾ ಕೂತ್ರೆ ತೋಟ ಬೆಳೆಯುತ್ತಾ? ಏಳು, ಮೇಲಿಂದ ನಮ್ಮಚ್ಚು ಇಳಿಸು."

ನಮ್ಮಚ್ಚು! ಆ ಮಾತಿಗೆ ನನ್ನ ತೇಗದ ಮೈ ಅರಳಿತು. ಮತ್ತೆ ನೀರು, ಮತ್ತೆ ದಾರ. ಅತ್ತೆಯದು ಬಾಯಿ, ಸೊಸೆಯದು ಕೈ. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆಸಿ, ಬಟ್ಟೆಯಲ್ಲಿ ಸೋಸಿಸಿದರು. "ತಿರುವು, ಇನ್ನೂ ತಿರುವು… ಹಾಂ, ಬೆಳ್ಳಗಾಯ್ತು, ಹೊಯ್ಯಿ!" ಅವಸರಕ್ಕೆ ದಾರ ಬಿಚ್ಚಿ ಮಾಲಿನಿ ಮೊದಲ ಗಿಳಿಯ ತಲೆ ಮುರಿದಳು. ಅತ್ತೆ ಬಯ್ಯಲಿಲ್ಲ, ನಕ್ಕರು. "ನನ್ ಮೊದಲ್ನೇ ಗಿಳಿಗೆ ತಲೆ ಅಲ್ಲ, ಮೈಯೇ ಬಂದಿರ್ಲಿಲ್ಲ ಕಣೇ."

ಮಾಲಿನಿ ಕಲೆಯಾದ ಕ್ರೀಮು ಕೆರೆದು ಹೊಸ ಹುಲ್ಲು ಹಾಸಿದಳು. ಜನ ಬರುವ ಹೊತ್ತಿಗೆ ನನ್ನ ಮಕ್ಕಳನ್ನು ಅದರ ಮೇಲೆ ನೆಟ್ಟಳು. ಅಂಚಿನುದ್ದಕ್ಕೂ ಬೇಲಿಯ ಹಾಗೆ ಗಿಳಿ, ಮೂಲೆಗೊಂದು ಬಾಳೆಗೊನೆ, ನಟ್ಟನಡುವೆ ತುಳಸಿ ಕಟ್ಟೆ. ತೊಳೆದ ನನ್ನನ್ನು ಒಣಗಲೆಂದು ಕಿಟಕಿಯಲ್ಲಿಟ್ಟಿದ್ದರು, ಅಲ್ಲಿಂದ ಎಲ್ಲವನ್ನೂ ನೋಡಿದೆ.

ದೀಪ ಹಚ್ಚಿ, ಹಾಡು ಹೇಳಿ, ಪ್ರಣತಿ ಚಾಕು ಎತ್ತಿದಳು.

"ತಡಿ ತಡಿ!" ರುಕ್ಮಿಣಮ್ಮ ಕೂಗಿದರು. "ತುಳಸಿ ಕಟ್ಟೆಗೆ ಚಾಕು ಹಾಕ್ತೀಯಾ?"

"ಸಂಕ್ರಾಂತೀಲಿ ಕಚ್ಚಿ ತಿಂತೀವಲ್ಲ ಅಜ್ಜಿ?"

"ಕಚ್ಚೋದು ಬೇರೆ, ಕೊಯ್ಯೋದು ಬೇರೆ."

"ಹಾಗಾದ್ರೆ ನೀವೇ ತೆಗೆದುಬಿಡಿ ಅತ್ತೆ" ಎಂದಳು ಮಾಲಿನಿ, ಬಹಳ ವಿನಯದಿಂದ.

ರುಕ್ಮಿಣಮ್ಮ ಕಟ್ಟೆಯನ್ನು ಹಿಡಿದು ಮೇಲೆತ್ತಿದರು. ಅದು ಒಂದೇ ಬರಲಿಲ್ಲ. ಬುಡದಲ್ಲಿ ಒಂದು ಹಿಡಿ ಕೇಕೂ ಎದ್ದು ಬಂತು. ಈಗ ಫಜೀತಿ. ಕಿತ್ತ ತುಳಸಿಯನ್ನು ಮತ್ತೆ ಚಾಕುವಿನ ಬಾಯಿಗೆ ಕೊಡುವಂತಿಲ್ಲ. ಮಕ್ಕಳ ಎಂಜಲು ತಟ್ಟೆಯಲ್ಲಿಡುವಂತಿಲ್ಲ. ಎಸೆಯುವ ಮಾತಂತೂ ದೂರ. ಸಕ್ಕರೆಯದಾದರೂ ತುಳಸಿ ತುಳಸಿಯೇ, ಅದಕ್ಕೆ ಅಂಟಿದ್ದೂ ಪ್ರಸಾದವೇ. ಇದೆಲ್ಲ ಅವರೇ ಮನೆಯವರಿಗೆಲ್ಲ ಹೇಳಿಕೊಟ್ಟಿದ್ದ ಶಾಸ್ತ್ರ. ಕೋಣೆಯಲ್ಲಿದ್ದವರೆಲ್ಲ ಅವರ ಕೈಯನ್ನೇ ನೋಡುತ್ತಿದ್ದರು.

ರುಕ್ಮಿಣಮ್ಮ ತೀರ್ಥ ತೆಗೆದುಕೊಳ್ಳುವ ಹಾಗೆ ಕಣ್ಣು ಮುಚ್ಚಿ ಅದನ್ನು ಬಾಯಿಗಿಟ್ಟರು. ಸಕ್ಕರೆ ಕಟಕಟ ಎಂದಿತು. ಮಾಲಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

"ಏಲಕ್ಕಿ ಹಾಕಿದ್ದೀಯಾ?"

"ಹೂಂ ಅತ್ತೆ. ನಿಮಗಿಷ್ಟ ಅಂತ."

"ಕಟ್ಟೇನ ಅಷ್ಟು ಆಳಕ್ಕೆ ಯಾಕೇ ನೆಟ್ಟೆ?"

"ಬೀಳಬಾರದು ಅಂತ ಅತ್ತೆ."

ರುಕ್ಮಿಣಮ್ಮ ಸೊಸೆಯನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಮೇಲೆ ಅಂಗೈ ಚಾಚಿದರು. "ಗಿಳಿ ಕಡೆಯಿಂದ ಒಂದು ತುಂಡು ಕೊಡು. ಅದು ಒಂದು ಕಣ್ಣು ಮುಚ್ಕೊಂಡೇ ಇದೆ, ನೋಡಿದ್ರೂ ಯಾರಿಗೂ ಹೇಳಲ್ಲ."

ಮಾಲಿನಿ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಈಗ ನನಗೂ ವಯಸ್ಸಾಯಿತು, ಬಾಳೆಗೊನೆಯ ಪಕ್ಕ ಒಂದು ಬಿರುಕು ಬಿಟ್ಟಿದೆ. ಆದರೆ ನನ್ನ ಜಾಗ ಅಟ್ಟವಲ್ಲ; ಕೇಕಿನ ತಟ್ಟೆಗಳ ಪಕ್ಕ, ಕೈಗೆ ಸಿಗುವ ಗೂಡು. ಸಂಕ್ರಾಂತಿಗೂ ಬೇಕು, ಹುಟ್ಟುಹಬ್ಬಗಳಿಗೂ ಬೇಕು. ಮೊನ್ನೆ ಮಾಲಿನಿಯ ಗಂಡ ನನ್ನನ್ನು ತಿರುಗಿಸಿ ನೋಡಿ, "ಯಾರಾದ್ರೂ ಆಚಾರಿಗೆ ಕೊಟ್ಟು ಗಿಳಿಗೆ ಇನ್ನೊಂದು ಕಣ್ಣು ಕೆತ್ತಿಸೋಣ್ವಾ?" ಎಂದ.

"ಬೇಡ!" ಎಂದರು ಅತ್ತೆ, ಸೊಸೆ. ಅವರಿಬ್ಬರ ಬಾಯಲ್ಲೂ ಒಂದೇ ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.