ಯಲ್ಲವ್ವನ ಕೋಳಿ, ನಾಲತವಾಡದ ಹುಂಜ

ಮುಳವಾಡದ ಯಲ್ಲವ್ವನ ಮನೆಗೆ ಆ ವಾರ ಹೋದವರೆಲ್ಲ ಮುಖ ಊದಿಸಿಕೊಂಡೇ ಹಿಂದಿರುಗಿದರು. ಬಾಗಿಲಿಗೆ ಅಡ್ಡವಾಗಿ ಬೆರಳು ದಪ್ಪ ಸುಣ್ಣದ ಪುಡಿ ಸುರಿದು, ಅದರಾಚೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು ಅವಳು. ಉಪ್ಪು ಕೇಳಲು ಬಂದವರಿಗೆ ಗೋಡೆಯ ಮೇಲಿಂದ ಉಪ್ಪು, ಹರಟೆಗೆ ಬಂದವರಿಗೆ ಗೋಡೆಯ ಮೇಲಿಂದಲೇ ಎರಡು ಮಾತು. "ಕೋಳಿ ಸಾಕ್ಯಾಳೋ, ಖಜಾನಿ ಕಾಯಾಕತ್ತಾಳೋ" ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಎರಡು ವರ್ಷದ ಹಿಂದೆ ಕೋಳಿಬ್ಯಾನಿ ಬಂದಾಗ ಇಪ್ಪತ್ತೆರಡು ಕೋಳಿಗಳು ಒಂದೇ ವಾರದಲ್ಲಿ ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಸತ್ತದ್ದನ್ನು ಕಂಡವಳು ಅವಳು, ಓಣಿಯವರಲ್ಲ.

ಈ ಸಲ ಸುತ್ತಿನ ಊರುಗಳಲ್ಲಿ ಬ್ಯಾನಿ ಕಾಣಿಸಿಕೊಂಡಿದೆ ಎಂದು ಕೇಳಿದ್ದೇ ತಡ, ಬಸವನ ಬಾಗೇವಾಡಿಗೆ ಹೋಗಿ ದನದ ಡಾಕ್ಟರರ ಬೆನ್ನು ಬಿದ್ದಳು. ಅವರು ಸೈಕಲ್ಲಿಗೆ ಬರ್ಫ ತುಂಬಿದ ಥರ್ಮಾಸು ಕಟ್ಟಿಕೊಂಡು ಬಂದು, ಹದಿನಾಲ್ಕು ಕೋಳಿಗಳಿಗೂ ರೆಕ್ಕೆಯ ಬುಡದಲ್ಲಿ ಸೂಜಿ ಚುಚ್ಚಿದರು.

"ಸೂಜಿ ಮೈಗೆ ಹತ್ತಾಕ ಎರಡು ವಾರ ಬೇಕು ನೋಡವಾ" ಎಂದರು. "ಅಲ್ಲೀತನಕ ಹೊರಗಿನ ಕೋಳಿ ಒಳಗ ಬರಬಾರ್ದು. ಹೊರಗಿನ ಕಾಲೂ ತೊಳೀದ ಒಳಗ ಬರಬಾರ್ದು. ಬ್ಯಾನಿ ಬಂದಮ್ಯಾಲೆ ನನ್ನ ಕರದ್ರ, ನಾನೂ ನಿನ್ನ ಜೋಡಿ ಕುಂತು ಅಳಬೇಕಷ್ಟ."

ಡಾಕ್ಟರರು ಒಂದು ಹೇಳಿದರೆ ಯಲ್ಲವ್ವ ಎರಡು ಮಾಡುವವಳು. ಬಾವಿಯ ನೀರು ಶುದ್ಧವಾಗಲೆಂದು ಹಾಕುವ ನೇರಳೆ ಬಣ್ಣದ ಜಾಂಬಳಿ ಪುಡಿ ಕದಡಿದ ನೀರಿನ ಬೋಗಣಿಯನ್ನು ಬಾಗಿಲಲ್ಲೇ ಇಟ್ಟಳು. ಗಂಡ ಶಂಕ್ರೆಪ್ಪ ಹೊಲದಿಂದ ಬಂದರೂ, ಚಹಾದಂಗಡಿಯಿಂದ ಬಂದರೂ ಅದರಲ್ಲಿ ಕಾಲು ತೊಳೆಯದೆ ಒಳಗೆ ಬರುವಂತಿರಲಿಲ್ಲ. ನಾಲ್ಕು ದಿನಕ್ಕೇ ಅವನ ಪಾದಗಳು ಗೋರಂಟಿ ಹಚ್ಚಿದ ಹಾಗೆ ಕಂದಾದವು. "ಮದಿವ್ಯಾಗ ನಿಮ್ಮಪ್ಪನೂ ನನ್ನ ಕಾಲು ಇಷ್ಟು ತೊಳೀಲಿಲ್ಲ" ಎಂದು ಗೊಣಗುತ್ತಲೇ ತೊಳೆದುಕೊಳ್ಳುತ್ತಿದ್ದ.

ಐದನೆಯ ದಿನ ಅದೇ ಶಂಕ್ರೆಪ್ಪ ಓಡುತ್ತ ಬಂದ. "ಏ, ನಾಲತವಾಡದ ಬೀಗರು ಬಸ್ ಇಳದಾರ!"

ಯಲ್ಲವ್ವ ಬಾಗಿಲ ಬೋಗಣಿಯತ್ತ ಓಡಿದಳು. ಮಗಳು ನೀಲವ್ವನನ್ನು ಮದುವೆಗೆಂದು ನೋಡಲು ನಾಲತವಾಡದ ದುರ್ಗವ್ವ ಮಗ ಸಿದ್ದರಾಯನೊಂದಿಗೆ ಬರಬೇಕಾದದ್ದು ಇನ್ನೂ ಹತ್ತು ದಿನ ಬಿಟ್ಟು. ಆ ದಿನವನ್ನು ಯಲ್ಲವ್ವ ಪಂಚಾಂಗ ನೋಡಿ ಗೊತ್ತು ಮಾಡಿರಲಿಲ್ಲ, ಸೂಜಿಯ ದಿನ ಎಣಿಸಿ ಗೊತ್ತು ಮಾಡಿದ್ದಳು. ಆದರೂ ಧೈರ್ಯ ತಂದುಕೊಂಡಳು. ಬಂದವರಿಗೆ ಕಾಲಿಗೆ ನೀರು ಕೊಡುವುದು ಹೇಗೂ ಪದ್ಧತಿಯೇ. ನೀರಿನ ಬಣ್ಣ ಯಾಕೆ ಎಂದು ಯಾರು ಕೇಳುತ್ತಾರೆ?

ದುರ್ಗವ್ವ ಬಂದಳು. ಕಂಕುಳಲ್ಲಿ ಕೈಚೀಲ, ಚೀಲದಿಂದ ಹೊರಗೆ ಕೆಂಪು ಜುಟ್ಟಿನ ಹುಂಜದ ತಲೆ.

"ಅಲ್ಲೇ ನಿಂದರ್ರಿ ಅಕ್ಕಾರ!" ಯಲ್ಲವ್ವ ಕೂಗಿದ ಕೂಗಿಗೆ ಸಿದ್ದರಾಯ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ. "ನೀವು ಬರ್ರಿ, ನಿಮ್ಮ ಮಗಾ ಬರಲಿ. ಹುಂಜ ಮಾತ್ರ ಬ್ಯಾಡ."

"ಬೀಗರ ಮನೀಗೆ ಬರಿಗೈಲೆ ಬರೂದು ನಮ್ಮಲ್ಲಿ ಇಲ್ಲರಿ."

"ನಮ್ಮಲ್ಲಿ ಸೂಜಿ ಮಾಡ್ಯಾರ್ರಿ. ಇನ್ನಾ ಐದು ದಿನ ಆಗೇತಿ."

"ಯಾರಿಗೆ, ಹುಡುಗಿಗಾ?" ದುರ್ಗವ್ವ ಗಾಬರಿಯಾದಳು.

"ಕೋಳಿಗ್ರಿ!"

ದುರ್ಗವ್ವನ ಮುಖ ಬಿಗಿಯಿತು. ತಂದ ಉಡುಗೊರೆಯನ್ನು ಬಾಗಿಲಲ್ಲೇ ಬೇಡವೆಂದರೆ ಯಾರ ಮುಖ ತಾನೇ ಅರಳೀತು? ಸಂಬಂಧ ಮುರಿಯಲು ಅಷ್ಟು ಸಾಕು ಎನ್ನುವುದು ಯಲ್ಲವ್ವನಿಗೂ ಗೊತ್ತು. ಒಂದು ಕಡೆ ಮಗಳು, ಇನ್ನೊಂದು ಕಡೆ ಹಿತ್ತಲಲ್ಲಿ ಬುಟ್ಟಿಯಡಿ ಕೂತ ಹದಿನಾಲ್ಕು ಜೀವ. ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

ಶಂಕ್ರೆಪ್ಪನಿಗೆ ಇದ್ದಕ್ಕಿದ್ದಂತೆ ಬುದ್ಧಿ ಹೊಳೆಯಿತು. "ಇಷ್ಟಕ್ಕ್ಯಾಕ ಜಗಳ? ಇಲ್ಲೇ ಹೊರಗ ಕೊಯ್ದು ಸಾರು ಮಾಡೂಣು. ಬೀಗರೂ ಉಂಡಂಗಾತು, ಹುಂಜಾನೂ ಒಳಗ ಬರಲಿಲ್ಲ."

"ಕೊಯ್ಯಬ್ಯಾಡ್ರಿ!" ದುರ್ಗವ್ವ ಚೀಲವನ್ನು ಎದೆಗೆ ಅವಚಿಕೊಂಡಳು.

ಎಲ್ಲರೂ ಅವಳನ್ನೇ ನೋಡಿದರು. ಉಡುಗೊರೆಯ ಹುಂಜ, ಆದರೆ ಕೊಯ್ಯುವಂತಿಲ್ಲ. ಒಳಗಿಂದ ನೀಲವ್ವ, "ಅವ್ವಾ, ಚಾ ಆರಾಕತ್ತೈತಿ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅವ್ವಾ, ಖರೇ ಹೇಳಿಬಿಡು" ಎಂದ ಸಿದ್ದರಾಯ ಮೆಲ್ಲಗೆ.

ದುರ್ಗವ್ವ ಕಟ್ಟೆಯ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. "ನಾಕು ದಿನದಾಗ ಹನ್ನೊಂದು ಹೋದವ್ರಿ. ಇದೊಂದ ಉಳದೈತಿ. ನಿಮ್ಮಲ್ಲಿ ಬ್ಯಾನಿ ಇಲ್ಲಂತ ಕೇಳಿ, ಇಲ್ಲೇ ಬಿಟ್ಟು ಹೋದ್ರಾತು ಅಂತ ಬಂದೆ. ಹುಡುಗಿ ಹತ್ತು ದಿನ ಬಿಟ್ರೂ ಇರ್ತಾಳ. ಇದು ಇರೂದಿಲ್ಲಲ್ರೀ."

ಯಲ್ಲವ್ವನ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ದಿನ ಯಾರಿಗೂ ಹೇಳದ ಮಾತು ಬಾಯಿಗೆ ಬಂತು. "ಅಕ್ಕಾರ, ಹೋದ ಸಲ ನಾನೂ ಹಿಂಗ ಮಾಡಿದೆ. ಚಲೋ ಇದ್ದವು ನಾಕು ಆರಿಸಿ ಮುದ್ದೇಬಿಹಾಳದಾಗ ನಮ್ಮಕ್ಕನ ಮನ್ಯಾಗ ಬಿಟ್ಟುಬಂದೆ. ನೋಡಾಕ ಚಲೋನ ಇದ್ದವು. ಎಂಟು ದಿನಕ್ಕ ಅಕ್ಕನ ಹಿತ್ತಲಾನೂ ಖಾಲಿ ಆತು. ಆಕಿ ನನಗ ಒಂದು ಮಾತು ಅನಲಿಲ್ಲ. ಬೈದಿದ್ರ ನಿದ್ದಿನರ ಬರ್ತಿತ್ತು."

ದುರ್ಗವ್ವ ಹುಂಜದ ತಲೆ ಸವರುತ್ತ ಕೂತಳು. "ನೀವು ಒಲ್ಲೆ ಅಂದ್ರ, ಹೋಗೂ ದಾರ್ಯಾಗ ನಿಡಗುಂದ್ಯಾಗ ಇಳದು ಇದನ್ನ ಬಿಡಬೇಕಂತ ಮಾಡಿದ್ದೆ. ಅಲ್ಲಿ ನಮ್ಮ ತಂಗಿ ಅದಾಳ."

"ಆಕಿವು ಎಷ್ಟು ಕೋಳಿ ಅದಾವು?"

"ಒಂಬತ್ತು."

ದುರ್ಗವ್ವ ಎದ್ದಳು, ಚೀಲ ಕಂಕುಳಿಗೇರಿಸಿದಳು, ಮಗನನ್ನು ಕರೆದುಕೊಂಡು ಬಸ್ಸಿನ ದಾರಿ ಹಿಡಿದಳು. ಚಹಾ ಕುಡಿಯಲಿಲ್ಲ, ಹುಡುಗಿ ನೋಡಲಿಲ್ಲ. "ಕೋಳಿ ಸಲುವಾಗಿ ಮಗಳ ಮದಿವಿ ಮುರದಿ" ಎಂದು ಶಂಕ್ರೆಪ್ಪ ಆಮೇಲಿನ ಹತ್ತು ದಿನವೂ, ಮುಖ್ಯವಾಗಿ ಕಾಲು ತೊಳೆಯುವಾಗ, ತಪ್ಪದೆ ಹೇಳಿದ. ಯಲ್ಲವ್ವ ಬೆಳಿಗ್ಗೆ ಎದ್ದವಳೇ ಒಂದೊಂದು ಕೋಳಿಯ ಕತ್ತು ಮುಟ್ಟಿ ನೋಡುತ್ತಿದ್ದಳು, ಆಮೇಲೆ ಮಗಳ ಮುಖ ನೋಡಲಾರದೆ ಕಸ ಹೊಡೆಯುತ್ತಿದ್ದಳು.

ಹದಿನೈದನೆಯ ದಿನ ದುರ್ಗವ್ವ ಮತ್ತೆ ಬಂದಳು. ಮಗನನ್ನು ಪಡಸಾಲೆಯಲ್ಲಿ ಕೂರಿಸಿ, ಚಹಾ ಹಿಡಿದು ನಿಂತಿದ್ದ ನೀಲವ್ವನನ್ನು ದಾಟಿಕೊಂಡು ನೆಟ್ಟಗೆ ಹಿತ್ತಲಿಗೆ ನಡೆದಳು. ಯಲ್ಲವ್ವ ಹಿಂದೆಯೇ ಓಡಿದಳು. ಅಂಗಳದ ತುಂಬ ಹದಿನಾಲ್ಕೂ ಕೆದರಿಕೊಂಡು ತಿರುಗುತ್ತಿದ್ದವು. ದುರ್ಗವ್ವ ಬೆರಳು ಮಡಚಿ ಎಣಿಸಿದಳು.

"ನಂದು ಮೂರನೇ ದಿನಕ್ಕ ಹೋತ್ರಿ" ಎಂದಳು. "ತಂಗಿ ಮನೀಗೆ ಹೋಗಲಿಲ್ಲ. ಆಕಿವು ಒಂಬತ್ತೂ ಅದಾವ."

ಯಲ್ಲವ್ವನಿಗೆ ಅಕ್ಕನ ಖಾಲಿ ಹಿತ್ತಲು ನೆನಪಾಯಿತು. ಎಲ್ಲಕ್ಕಿಂತ ಚೆನ್ನಾಗಿ ಮೊಟ್ಟೆಯಿಡುವ ಕರಿ ಕೋಳಿಯನ್ನು ಹಿಡಿದು ಬೀಗತಿಯ ಮಡಿಲಿಗೆ ಕೊಟ್ಟಳು. "ಇದು ನಿಮ್ಮದು. ಇನ್ನೆರಡು ತಿಂಗಳು ಇಲ್ಲೇ ಇರಲಿ. ನೀವು ಹಿತ್ತಲಕ್ಕ ಸುಣ್ಣಾ ಹೊಡೀರಿ. ಹುಡುಗಿ ಬರೂವಾಗ ಜೋಡಿ ಕಳಸ್ತೇನಿ."

ದುರ್ಗವ್ವ ಕೋಳಿಯ ರೆಕ್ಕೆ ಬಿಡಿಸಿ ನೋಡಿದಳು, ಕಣ್ಣು ನೋಡಿದಳು, ಕಾಲು ತಿರುವಿ ನೋಡಿದಳು. ಪೂರ್ತಿ ಸಮಾಧಾನವಾದ ಮೇಲೆ ತಲೆಯೆತ್ತಿದಳು.

"ಕೋಳಿ ಒಪ್ಪಿಗಿ ಆತ್ರಿ" ಎಂದಳು. "ಇನ್ನ ಹುಡುಗಿನ್ನ ತೋರಸ್ರಿ."