ಹಸಿರು ಬಳೆ ತೊಟ್ಟ ಗಿಡ

ನಾಗಣಸೂರಿನ ನಮ್ಮ ಹೊಲದ ಬದುವಿನ ಮೇಲೆ ಇದ್ದದ್ದು ಒಂದೇ ಗಿಡ. ಮೊಣಕಾಲೆತ್ತರ. ಎಲೆ ಮುಟ್ಟಿದರೆ ಕುರಿಮರಿಯ ಕಿವಿ ಹಿಡಿದಂತೆ, ಬೆಳ್ಳಗೆ, ಉಣ್ಣೆ ಉಣ್ಣೆ. ಸೋಲಾಪುರದಲ್ಲಿ ಕಾಲೇಜು ಓದುವ ಮಗಳು ಪ್ರಣಿತಾ ದೀಪಾವಳಿ ಸೂಟಿ ಬಿಟ್ಟಾಗ ಊರಿಗೆ ಬಂದವಳು ಅದನ್ನು ಕಂಡು ಅಲ್ಲೇ ಕುಂತುಬಿಟ್ಟಳು.

"ಯವ್ವಾ, ಇಂಥಾದ್ದು ಈ ಕಡೆ ಯಾರೂ ನೋಡಿಲ್ಲಂತ. ಫೋಟೋ ನೋಡಿ ನಮ್ಮ ಮೇಡಂ ಕುಣ್ಯಾಕತ್ತಾರ. ಹೂ ಅರಳಿದ ಮ್ಯಾಲೇ ಯಾವ ಗಿಡಂತ ಖಾತ್ರಿ ಆಗೂದು. ಅಲ್ಲೀಮಟ ನೀ ಕಾಯಬೇಕು."

ಕಾಯುವುದು ಹೇಗೆ? ಬೆಳಗ್ಗೆ ಸಾಲಿಯ ಮಕ್ಕಳಿಗೆ ಅಡುಗೆ, ಸಂಜೆ ಹೊಲಿಗೆ ಮಷಿನ್. ಸುತ್ತ ಮುಳ್ಳು ಹಚ್ಚಿದೆ, ಯಾರೋ ಒಲೆಗೆ ಎಳೆದೊಯ್ದರು. ಶಾಂತಪ್ಪನ ಆಡುಗಳು ತುದಿ ಕಚ್ಚಿದವು. ಒಂದು ನಸುಕಿನಲ್ಲಿ ಹೋಗಿ ಬುಡಕ್ಕೆ ಮೂರು ಕಲ್ಲಿಟ್ಟು, ಅರಿಶಿನ ಕುಂಕುಮ ಬಳಿದು, ಟೊಂಗೆಗೆ ಎರಡು ಹಸಿರು ಬಳೆ ತೊಡಿಸಿ ಬಂದೆ. ಯಾರಿಗೂ ಹೇಳಲಿಲ್ಲ.

ಮರುದಿನ ಶಾಂತಪ್ಪ ತಾನೇ ಆಡು ಆಚೆ ಹೊಡೆದು, ಟೊಪ್ಪಿಗೆ ತೆಗೆದು ಕೈ ಮುಗಿದ. ನನಗೆ ನಗು ತಡೆಯಲಾಗಲಿಲ್ಲ. ವಾರದಲ್ಲಿ ಮೊಗ್ಗು ಬಂತು. ಸೋಲಾಪುರಕ್ಕೆ ಫೋನ್ ಮಾಡಿದರೆ ಪ್ರಣಿತಾ "ಸೋಮವಾರ ಬರ್ತೀನಿ" ಎಂದಳು. ನಡುವೆ ಅಮಾವಾಸ್ಯೆ ಇತ್ತು. ನನಗದು ಹೊಳೆಯಲೇ ಇಲ್ಲ; ಹೊಲಿಗೆಯ ಗಡಿಬಿಡಿಯಲ್ಲಿ ಹೊಲದ ಕಡೆ ಹೋಗಲೂ ಇಲ್ಲ.

ಸೋಮವಾರ ಪ್ರಣಿತಾ, ಹೂವು ಒತ್ತಿಡಲು ಹಳೇ ಪೇಪರಿನ ಕಟ್ಟು ಹಿಡಿದು ಅಕ್ಕಲಕೋಟದ ಬಸ್ಸಿಳಿದಳು. ಹೊಲಕ್ಕೆ ಹೋದೆವು.

ಮೊದಲು ಕಂಡದ್ದು ತೆಂಗಿನ ಕರಟ. ಆಮೇಲೆ ಖಣದ ತುಂಡು, ಊದುಬತ್ತಿಯ ಬೂದಿ. ಬಳೆಗಳು ಡಜನ್‌ಗಟ್ಟಲೆ, ಬರೀ ಕಡ್ಡಿಗಳ ಮೇಲೆ. ಎಲೆ ಇಲ್ಲ. ಮೊಗ್ಗಿಲ್ಲ.

ನೆರೆಮನೆಯ ನೀಲಾಬಾಯಿ ಕಲ್ಲಿನ ಮುಂದೆ ಕುಂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಈಗ ಬಂದ್ಯಾ? ಅಮಾಸಿ ದಿನ ಕಾಲಿಡಾಕ ಜಾಗಾ ಇರಲಿಲ್ಲ. ಅಕ್ಕಲಕೋಟದಿಂದ ರಿಕ್ಷಾ ಮಾಡ್ಕೊಂಡು ಬಂದಿದ್ರು! ಒಬ್ಬೊಬ್ರು ಒಂದೊಂದ ಎಲಿ ಪ್ರಸಾದ ಒಯ್ದ್ರು. ನನ್ನ ಮೊಮ್ಮಗಳ ಹಣಿಗೆ ಇಟ್ಟೆ, ಜ್ವರ ಇಳೀತ ನೋಡು."

"ಕಾಕೂ, ಇಲ್ಲಿ ಯಾವ ದೇವೀನೂ ಇಲ್ಲ! ಆ ಕಲ್ಲ ಇಟ್ಟಾಕಿ ನಾನು. ಬಳಿ ತೊಡಿಸಿದಾಕಿನೂ ನಾನು. ಆಡು ತಿನ್ನಬಾರದಂತ!"

ಪ್ರಣಿತಾ ನನ್ನತ್ತ ತಿರುಗಿದಳು. ಅವಳಿಗೂ ಗೊತ್ತಿರಲಿಲ್ಲ.

ನೀಲಾಬಾಯಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಎದ್ದು ಬಂದಳು. ಬಾಗಿ ನನ್ನ ಪಾದ ಮುಟ್ಟಿದಳು!

"ಹಂಗಾರ ದೇವಿ ನಿನ್ನ ಕೈಲೆ ಕಲ್ಲ ಇಡಿಸ್ಕೊಂಡಾಳ. ಊರಾಗ ಇಷ್ಟ ಮಂದಿ ಇದ್ರೂ, ನಿನ್ನ ಕೈಲೆ! ಮೊದಲನೇ ಪ್ರಸಾದ ನಿನಗ ಸಲ್ಲಬೇಕಿತ್ತಲ್ಲವ್ವಾ."

ಕಲ್ಲಿನ ಮರೆಗೆ ಒಂದು ಚಿಗುರು ಉಳಿದಿತ್ತು. ನಾವು ನೋಡಿರಲಿಲ್ಲ, ಅವಳು ನೋಡಿದ್ದಳು.

"ನಕೋ ಕಾಕೂ, ಕೀಳಬ್ಯಾಡ ಅದನ್ನ—"

ನಾನು ಕೈ ಚಾಚುವಷ್ಟರಲ್ಲಿ ಚಟ್ ಎಂದಿತು. ತಂದು ನನ್ನ ಅಂಗೈಯಲ್ಲಿಟ್ಟಳು: ಎರಡು ಎಲೆ, ಒಂದು ಮೊಗ್ಗು.

ಪ್ರಣಿತಾ ಪೇಪರು ಬಿಚ್ಚಿ ಹಿಡಿದಿದ್ದಳು. ಬಗ್ಗಿ ನೋಡಿದಳು.

"ಅರಳಿಲ್ಲಲ್ಲ ಯವ್ವಾ," ಎಂದಳು.