ಶನಿವಾರದ ರಿಬೌಂಡು

ಬ್ಯಾಡಗಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ಆಟ ಕಲಿಸುತ್ತಿದ್ದ ಭರಮಣ್ಣ ಮಾಸ್ತರರಿಗೆ ಆ ಗುರುವಾರ ಒಂದೇ ಚಿಂತೆ. ಶನಿವಾರ ರಾಣೆಬೆನ್ನೂರಿನಲ್ಲಿ ಹಾವೇರಿ ತಂಡದೊಡನೆ ಫೈನಲ್. ಪವರ್ ಫಾರ್ವರ್ಡ್ ಜಾಗಕ್ಕೆ ಲಕ್ಕಪ್ಪನನ್ನು ಇಳಿಸುವುದೋ, ಉಡಚಪ್ಪನನ್ನೋ? ಬುಟ್ಟಿಗೆ ಬೀಳದೆ ಕಬ್ಬಿಣದ ಬಳೆಗೆ ಬಡಿದು ಮರಳುವ ಚೆಂಡನ್ನು ಹತ್ತು ಕೈಗಳ ನಡುವೆ ಹಾರಿ ಹಿಡಿಯುವವನೇ ಆ ಜಾಗಕ್ಕೆ ಯಜಮಾನ.

ಹಾಗೆ ಹಿಡಿದ ಚೆಂಡುಗಳ, ಅಂದರೆ ರಿಬೌಂಡುಗಳ ಲೆಕ್ಕ ಇಡುತ್ತಿದ್ದವಳು ಅವರ ಹೆಂಡತಿ ಗುತ್ತೆವ್ವ. ಆಟದ ನಿಯಮ ಅವಳಿಗೆ ಅಷ್ಟಕ್ಕಷ್ಟೇ. ಆದರೆ ಒಬ್ಬೊಬ್ಬನಿಗೆ ಒಂದೊಂದು ಬಟ್ಟಲಿಟ್ಟು, ಚೆಂಡು ಹಿಡಿದಾಗೊಮ್ಮೆ ಹುಣಸೆಬೀಜ ಹಾಕುವಳು. ಅವಳು ಹಾಸಿಗೆ ಹಿಡಿದಂದಿನಿಂದ ಆ ಬಟ್ಟಲುಗಳು ಮಾಸ್ತರರ ಕೈಗೆ ಬಂದಿದ್ದವು. ಶ್ರಾವಣದಲ್ಲಿ ಅವಳು ಶಿವನ ಪಾದ ಸೇರಿದಳು.

ಇಬ್ಬರಿಗೂ ಅರ್ಧರ್ಧ ಆಟ ಕೊಟ್ಟು ಐದು ಪಂದ್ಯ ನೋಡಿದ್ದಾಗಿತ್ತು. ಲಕ್ಕಪ್ಪ ಹಿಡಿದದ್ದು ಹದಿನಾಲ್ಕು, ಮೂರು, ಹದಿಮೂರು, ನಾಲ್ಕು, ಹನ್ನೆರಡು. ಉಡಚಪ್ಪನದು ಎಂಟು, ಒಂಬತ್ತು, ಎಂಟು, ಒಂಬತ್ತು, ಎಂಟು. ಕೂಡಿಸಿದರೆ ಲಕ್ಕಪ್ಪನೇ ಮುಂದೆ. ಆದರೆ ಚೀಲದ ಬಾಯಲ್ಲಿನ ಮೆಣಸಿನಕಾಯಿ ನೋಡಿ ಬ್ಯಾಡಗಿಯಲ್ಲಿ ಯಾರೂ ಮಾಲು ಕೊಳ್ಳುವುದಿಲ್ಲ, ತಳದವರೆಗೆ ಕೈ ಹಾಕುತ್ತಾರೆ. ಉಡಚಪ್ಪ ಬಾಯಿಂದ ತಳದವರೆಗೆ ಒಂದೇ ಮಾಲು.

ಉಡಚಪ್ಪನೇ ಸರಿ ಎಂದುಕೊಂಡು ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಪಂದ್ಯದ ದಿನಗಳ ಮೇಲೆ ಬೆರಳಾಡಿಸಿದರು. ಬೆರಳು ಅಲ್ಲೇ ನಿಂತಿತು. ಲಕ್ಕಪ್ಪ ಮೂರು, ನಾಲ್ಕಕ್ಕೆ ನಿಂತ ಎರಡು ಆಟವೂ ಶನಿವಾರವೇ. ಆ ಎರಡೂ ದಿನ ತಾವು ಕದರಮಂಡಲಗಿ ಆಂಜನೇಯನ ದರ್ಶನ ಮುಗಿಸಿ, ಹಣೆಯ ಸಿಂಧೂರದೊಡನೆ ನೇರ ಮೈದಾನಕ್ಕೆ ಬಂದದ್ದು ನೆನಪಾಯಿತು.

ಸಂಜೆ ಮೈದಾನದಲ್ಲಿ ಕೇಳಿದರು: “ಲಕ್ಕಪ್ಪಾ, ಶನಿವಾರ ಬಂದ್ರ ನಿನಗ ಏನಾಗ್ತೈತೋ?”

ಉತ್ತರ ಕೊಟ್ಟವನು ಉಡಚಪ್ಪ. “ಏನಾಗ್ತೈತ್ರಿ ಸರ, ಹೊಟ್ಯಾಗ ಏನೂ ಇರಂಗಿಲ್ಲ. ನೀರೂ ಕುಡಿಯಂಗಿಲ್ಲ. ಚೆಂಡು ಬಂದ್ರ ಹಿಡೀತಾನೋ ತಿಂತಾನೋ ಅಂತ ನನಗ ಅಂಜಿಕಿ!”

“ಯಾಕೋ ಲಕ್ಕಪ್ಪಾ?”

“ಅವ್ವಾರು ಹಾಸಿಗಿ ಹಿಡಿದಾಗ ಹಣಮಪ್ಪಗ ಬೇಡಿಕೊಂಡಿದ್ನಿರಿ. ಅವರು ಆರಾಮ ಆಗೂತನಕ ಶನಿವಾರ ಬಾಯಾಗ ಏನೂ ಹಾಕಂಗಿಲ್ಲ ಅಂತ.”

“ಅಕಿ ಹೋಗೇ ಬಿಟ್ಟಳಲ್ಲೋ.”

“ಹೌದ್ರಿ. ಆದ್ರ ಆರಾಮ ಆಗೂತನಕ ಅಂದಿದ್ನಲ್ರಿ... ಈಗ ಬಿಡೂದು ಹೆಂಗಂತ ಯಾರನ್ನ ಕೇಳ್ಲಿ? ನಿಮ್ಮನ್ನ ಕೇಳಾಕ ಬಾಯಿ ಬರಲಿಲ್ಲ.”

ಮಾಸ್ತರರು ಚೆಂಡನ್ನು ಎತ್ತಿಕೊಂಡು ಅವನ ಪಕ್ಕ ಕುಳಿತರು. ಗುತ್ತೆವ್ವನ ಕೊನೆಯ ದಿನಗಳ ನರಳಾಟ ಕಿವಿಯಲ್ಲಿತ್ತು. ಈಗ ಅದಿಲ್ಲ.

“ಅಕಿ ಈಗ ಆರಾಮ ಅದಾಳೋ,” ಎಂದರು. “ನಿನ್ನ ಹರಕಿ ಮುಟ್ಟೇತಿ. ನಾಡದು ಮುಂಜಾನೆ ಹೋಗಿ ಕಾಯಿ ಒಡಸೂಣು.”

ಶನಿವಾರ ಬೆಳಿಗ್ಗೆ ಮೂವರೂ ಕದರಮಂಡಲಗಿಗೆ ಹೋದರು. ಕಾಯಿ ಒಡೆಸಿ, ಗುಡಿಯ ಹೊರಗಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿ ಮಾಸ್ತರರೇ ಬಡಿದದ್ದು. ಉಡಚಪ್ಪ ಒಂದನ್ನು ಬೆರಳಿನಿಂದ ತಟ್ಟಿ ನೋಡಿದ.

“ಸರ, ಇವು ರೊಟ್ಟಿನೋ, ಬುಟ್ಟಿ ಹಿಂದಿನ ಹಲಿಗಿನೋ?”

ಎಷ್ಟೋ ದಿನಗಳ ಮೇಲೆ ಮಾಸ್ತರರು ಗಟ್ಟಿಯಾಗಿ ನಕ್ಕರು. ನಕ್ಕು, ಹೇಳಬೇಕಾದ್ದನ್ನು ಹೇಳಿದರು: “ಇವತ್ತು ಲಕ್ಕಪ್ಪ ಇಳೀಲಿ, ಉಡಚಪ್ಪಾ. ಉಪವಾಸ ಇದ್ದವನ ಜೋಡಿ ಉಂಡವನ್ನ ತೂಗಿದ್ದು ನನ್ನ ತಪ್ಪು.”

ಉಡಚಪ್ಪನ ಮುಖ ತುಸು ಸಣ್ಣದಾಯಿತು. ಮರುಗಳಿಗೆಗೆ ತನ್ನ ಪಾಲಿನ ರೊಟ್ಟಿಯೊಂದನ್ನು ಲಕ್ಕಪ್ಪನ ಮುಂದಿಟ್ಟ. “ತಿನ್ನಲೇ ಗಟ್ಟಿ. ಒಂಬತ್ತು ದಾಟಲಿಲ್ಲಂದ್ರ ನಾನ ಬಂದು ಎಳದು ಹೊರಗ ಹಾಕತೇನಿ ನೋಡು.”

ಸಂಜೆ ರಾಣೆಬೆನ್ನೂರಿನ ಮೈದಾನದಲ್ಲಿ ಮೊದಲ ಚೆಂಡು ಬಳೆಗೆ ಬಡಿದು ಮೇಲೆದ್ದಾಗ, ಎಲ್ಲ ಕೈಗಳಿಗಿಂತ ಮೇಲೆ ಲಕ್ಕಪ್ಪನ ಕೈ ಇತ್ತು. ಮಾಸ್ತರರು ಗುತ್ತೆವ್ವನ ಬಟ್ಟಲಿಗೆ ಟಣ್ಣೆಂದು ಬೀಜ ಹಾಕಿದರು. ಹತ್ತನೆಯ ಬೀಜ ಬಿದ್ದಾಗ ಇನ್ನೂ ಅರ್ಧ ಆಟವಿತ್ತು. ಪಕ್ಕದಲ್ಲಿ ಕುಳಿತಿದ್ದ ಉಡಚಪ್ಪ ಎದ್ದು ನಿಂತು ಕೂಗಿದ: “ಸಾಕು ಬಿಡಪಾ, ನನಗೂ ನಾಕು ಉಳಸು!”